ಚೆಂಡಿನ ಮನೆಯಿಂದ ಕಾರಿನ ಅಂಗಳಕ್ಕೆ

(ಹವ್ಯಾಸಿ ಮೋಟಾರು ಕ್ರೀಡೆಯನ್ನು ಕುರಿತ ಉಪನ್ಯಾಸದ ಪಠ್ಯ)



ಧಾರವಾಡ, ಹುಬ್ಬಳ್ಳಿ ಕಡೆ ಕಾಲೇಜು ಓದಿದವರಿಗೆ ‘ಜಿಮಖಾನಾ’ ಎಂಬ ಶಬ್ದ ಹೊಸದಲ್ಲ. ಕಾಲೇಜಿನ ಆಟೋಟಗಳ ವ್ಯವಸ್ಥೆಗೆ ಅಲ್ಲಿ ಅದೇ ಹೆಸರು. ಇದೇ ಶಬ್ದ ಇಂದು ಜಪಾನಿನಲ್ಲಿ ಕಾರು ಓಡಿಸುವ ಒಂದು ಸ್ಪರ್ಧೆಯ ಹೆಸರಾಗಿದೆ ಎಂದರೆ ಕೇಳಿದವರಿಗೆ ಆಶ್ಚರ್ಯವಾದೀತು. ಆಸ್ಟ್ರೇಲಿಯದವರು ಅದನ್ನು ಅರ್ಧಕ್ಕೆ ಮುರಿದು ‘ಮೋಟಾರ್‌ಖಾನಾ’ ಮಾಡಿಕೊಂಡರು. ಅಷ್ಟಕ್ಕೆ ತೃಪ್ತಿಯಾಗದೆ ‘ಖಾನಾಕ್ರಾಸ್’ ಎಂಬ ಇನ್ನೊಂದನ್ನೂ ಹುಟ್ಟಿಸಿದರು. ಅಮೆರಿಕದಲ್ಲಿ ಹಿಂದೆ ಜಿಮಖಾನಾ ಎಂದೂ ಕರೆಯುತ್ತಿದ್ದ ಆಟಕ್ಕೆ ಈಗ ಆಟೋಕ್ರಾಸ್ ಎಂಬ ಹೆಸರು ಗಟ್ಟಿಯಾಗಿದೆ.

ಶಬ್ದದ ಹುಟ್ಟು ನಮ್ಮ ದೇಶದಲ್ಲೇ. ಯೂಲ್ ಮತ್ತು ಬರ್ನೆಲ್ ಸೇರಿ 1886ರಲ್ಲಿ ಹೊರತಂದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೊ-ಇಂಡಿಯನ್ ಶಬ್ದಕೋಶ ಇದರ ಜಾಡು ಹಿಡಿಯಲು ಯತ್ನಿಸಿದೆ. ಈ ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದು ತುಳುನಾಡಿನ ಭೂತಾರಾಧನೆಯ ಬಗ್ಗೆ ಬರೆದ ವಿದ್ವಾಂಸ. ‘ಗೇಂದ್‌ಖಾನಾ’, ಅಂದರೆ ಚೆಂಡಿನ ಮನೆ, ಎಂಬ ಹಿಂದುಸ್ತಾನಿ ಮಾತಿಗೆ ಜಿಮ್ನಾಸ್ಟಿಕ್ಸ್‌ನ ತಲೆ ಅಂಟಿಸಿ ಸಾಹೇಬರು ಈ ಶಬ್ದ ಮಾಡಿಕೊಂಡರೆಂದು ಅದರ ಊಹೆ. 1861ರಲ್ಲಿ ರೂರ್ಕಿಯಲ್ಲಿ ಇದರ ಮೊದಲ ಬಳಕೆಯ ಸುಳಿವು ಸಿಗುತ್ತದೆ. ನಮ್ಮ ಕಾರ್ಖಾನೆ, ದವಾಖಾನೆ, ಬಂದೀಖಾನೆಗಳಲ್ಲಿರುವ ಖಾನೆಯೇ ಇಲ್ಲಿಯದೂ. ದಂಡಿನ ಅಧಿಕಾರಿಗಳು ಬಯಲಿನಲ್ಲಿ ಕಂಬ ನೆಟ್ಟು ಅವುಗಳ ನಡುವೆ ಕುದುರೆಯನ್ನು ಸುತ್ತಿಸಿ ಬಳಸಿ ಓಡಿಸುವ ಆಟಕ್ಕೂ ಈ ಹೆಸರೇ ಬಂತು. ಕುದುರೆ ಹೋಗಿ ಕಾರು ಬಂದಾಗ ಆಟ ಬದಲಾಗಲಿಲ್ಲ, ಕಂಬಗಳ ಜಾಗಕ್ಕೆ ರಸ್ತೆ ರಿಪೇರಿಯಲ್ಲಿ ಕಾಣುವ ಕಿತ್ತಳೆ ಬಣ್ಣದ ಕೋನ್‌ಗಳು ಬಂದವು, ಅಷ್ಟೆ.

ವಿಶಾಲವಾದ ಡಾಂಬರಿನ ಬಯಲು ಬೇಕು. ರಜಾದಿನದಲ್ಲಿ ಖಾಲಿ ಬೀಳುವ ಕ್ರೀಡಾಂಗಣದ ಪಾರ್ಕಿಂಗ್ ಜಾಗವಾದರೂ ಸರಿ, ಕೈಬಿಟ್ಟ ವಿಮಾನಪಟ್ಟಿಯಾದರೂ ಸರಿ. ಕೋನ್‌ಗಳನ್ನು ಜೋಡಿಸಿ ಅಂಕುಡೊಂಕಾದ ದಾರಿ ಮಾಡುತ್ತಾರೆ. ಕಾರುಗಳು ಒಂದರ ಬೆನ್ನು ಒಂದು ಹತ್ತುವುದಿಲ್ಲ. ಒಬ್ಬೊಬ್ಬರಾಗಿ ಹೊರಡಬೇಕು, ಎದುರಾಳಿ ಗಡಿಯಾರ ಮಾತ್ರ. ಒಂದು ಸುತ್ತು ಮುಗಿಯಲು ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸು. ಗಾಡಿ ಬಹುತೇಕ ಎರಡನೆಯ ಗೇರಿನಲ್ಲೇ ಇರುತ್ತದೆ, ಹೆದ್ದಾರಿಯ ವೇಗವನ್ನು ದಾಟುವುದು ಅಪರೂಪ. ಪ್ರತಿ ಕೋನಿನ ಬುಡಕ್ಕೆ ಗೆರೆ ಎಳೆದಿರುತ್ತಾರೆ. ಕೋನ್ ಆ ಗೆರೆಯಿಂದ ಪೂರ್ತಿ ಆಚೆ ಹೋದರೆ ಅಥವಾ ಉರುಳಿದರೆ ಸಮಯಕ್ಕೆ ಎರಡು ಸೆಕೆಂಡು ದಂಡ. ದಾರಿಯೇ ತಪ್ಪಿದರೆ ಆ ಸುತ್ತು ಲೆಕ್ಕಕ್ಕಿಲ್ಲ.

ಕ್ಲಬ್ಬೊಂದರ ಭಾನುವಾರ ಹೇಗಿರುತ್ತದೆಂದು ನೋಡಿದರೆ ಈ ಆಟದ ವಿಚಿತ್ರ ತಿಳಿಯುತ್ತದೆ. ಬೆಳಿಗ್ಗೆ ಬಂದವರು ಮೊದಲು ಕಾರಿನೊಳಗಿನ ಸಾಮಾನನ್ನೆಲ್ಲ ಹೊರಗೆ ಸುರಿಯಬೇಕು. ಮಗುವಿನ ಆಸನ, ಛತ್ರಿ, ಡಿಕ್ಕಿಯಲ್ಲಿನ ಸ್ಟೆಪ್ನಿ, ಏನೂ ಉಳಿಯುವಂತಿಲ್ಲ. ಬ್ರೇಕ್ ಪೆಡಲಿನ ಅಡಿಗೆ ಉರುಳಿದ ಒಂದು ನೀರಿನ ಬಾಟಲಿ ಸಾಕು ಅನಾಹುತಕ್ಕೆ. ಆಮೇಲೆ ತಪಾಸಣೆ. ಬ್ಯಾಟರಿ ಅಲುಗಾಡುತ್ತಿದೆಯೇ, ಚಕ್ರದ ನಟ್ಟುಗಳು ಬಿಗಿಯಾಗಿವೆಯೇ, ಬ್ರೇಕ್ ಗಟ್ಟಿಯಾಗಿದೆಯೇ ಎಂದು ನೋಡುತ್ತಾರೆ. ಹೆಲ್ಮೆಟ್ ಕಡ್ಡಾಯ, ಇಲ್ಲದವರಿಗೆ ಅನೇಕ ಕ್ಲಬ್ಬುಗಳು ಎರವಲು ಕೊಡುತ್ತವೆ. ನಂತರ ಎಲ್ಲರೂ ಕಾಲ್ನಡಿಗೆಯಲ್ಲಿ ದಾರಿ ನೋಡಲು ಹೊರಡುತ್ತಾರೆ. ಎರಡು ಸಲ, ಮೂರು ಸಲ ನಡೆದು, ಕಣ್ಣು ಮುಚ್ಚಿ ಕೈಯಲ್ಲೇ ಸ್ಟಿಯರಿಂಗ್ ತಿರುಗಿಸುತ್ತ ನಿಂತವರನ್ನು ಕಂಡರೆ ಹೊರಗಿನವರಿಗೆ ನಗು ಬರಬಹುದು. ಆದರೆ ಅಭ್ಯಾಸಕ್ಕೆಂದು ಕಾರಿನಲ್ಲಿ ಒಂದು ಸುತ್ತು ಹೋಗಿಬರುವ ಅವಕಾಶ ಇಲ್ಲಿಲ್ಲ. ದಾರಿಯನ್ನು ಕಾಲಿನಿಂದಲೇ ಬಾಯಿಪಾಠ ಮಾಡಬೇಕು.

ಒಬ್ಬರಿಗೆ ದಿನಕ್ಕೆ ಸಿಗುವುದು ನಾಲ್ಕೋ ಐದೋ ಸುತ್ತು. ಒಟ್ಟು ಐದು ನಿಮಿಷದ ಚಾಲನೆ. ಉಳಿದ ಹೊತ್ತಿನಲ್ಲಿ ಮಾಡುವುದೇನು? ಕೋನ್ ಎತ್ತುವುದು! ಅರ್ಧ ಜನ ಓಡಿಸುವಾಗ ಇನ್ನರ್ಧ ಜನ ಬಿಸಿಲಲ್ಲಿ ನಿಂತು, ಉರುಳಿದ ಕೋನನ್ನು ಓಡಿ ಹೋಗಿ ಗೆರೆಯೊಳಗೆ ಇಟ್ಟು, ಮುಂದಿನ ಕಾರು ಬರುವುದರೊಳಗೆ ಹಿಂದೆ ಸರಿಯಬೇಕು. ಕಾರು ಎಷ್ಟೇ ಬೆಲೆಯದಾಗಲಿ, ಈ ಸರದಿಯಿಂದ ವಿನಾಯಿತಿ ಇಲ್ಲ. ತಪ್ಪಿಸಿಕೊಂಡವರ ಆ ದಿನದ ಸಮಯವನ್ನೇ ರದ್ದು ಮಾಡುವ ಕ್ಲಬ್ಬುಗಳೂ ಇವೆ. ಮಲೆನಾಡಿನಲ್ಲಿ ಒಬ್ಬರ ಗದ್ದೆಯ ಕೆಲಸಕ್ಕೆ ಇನ್ನೊಬ್ಬರು ಹೋಗುವ ಮುಯ್ಯಾಳಿನ ಪದ್ಧತಿ ಬಲ್ಲವರಿಗೆ ಇದರ ಒಳಗುಟ್ಟು ಬೇಗ ಅರ್ಥವಾದೀತು. ಸಂಬಳದ ಆಳುಗಳಿಲ್ಲದೆ ಕ್ಲಬ್ಬು ನಡೆಯುವುದು ಹೀಗೆ.

ಐದು ನಿಮಿಷದ ಸುಖಕ್ಕೆ ಇಡೀ ದಿನ ಬಿಸಿಲು ಕಾಯುವ ಈ ಆಟದ ಗೀಳು ಜನಕ್ಕೆ ಯಾಕೆ ಹಿಡಿಯುತ್ತದೆ? ವೇಗದ ಮೋಹ ಎಂದುಬಿಡುವುದು ಸುಲಭ, ಆದರೆ ಅದು ಪೂರ್ತಿ ಉತ್ತರವಲ್ಲ. ವೇಗ ಬೇಕಾದವರಿಗೆ ಹೆದ್ದಾರಿಯಲ್ಲೇ ಇದಕ್ಕಿಂತ ಹೆಚ್ಚು ಸಿಗುತ್ತದೆ. ಗೀಳು ಹತ್ತುವ ಗಳಿಗೆಯೇ ಬೇರೆ. ಹೊಸಬನೊಬ್ಬ ದಿನ ಕಚೇರಿಗೆ ಓಡಿಸುವ ತನ್ನ ಕಾರಿನಲ್ಲಿ 62 ಸೆಕೆಂಡಿನಲ್ಲಿ ಸುತ್ತು ಮುಗಿಸಿದ ಎಂದಿಟ್ಟುಕೊಳ್ಳಿ. ಟೈರು ಕಿರುಚಿದೆ, ಎದೆ ಹೊಡೆದುಕೊಂಡಿದೆ, ಇದಕ್ಕಿಂತ ಜೋರಾಗಿ ಈ ಗಾಡಿ ಹೋಗಲಾರದು ಎಂದು ಅವನ ನಂಬಿಕೆ. ಆಗ ಕ್ಲಬ್ಬಿನ ಹಳಬರೊಬ್ಬರು ಅದೇ ಕಾರಿನಲ್ಲಿ ಅವನನ್ನೇ ಪಕ್ಕಕ್ಕೆ ಕೂರಿಸಿಕೊಂಡು, ಯಾವ ಆರ್ಭಟವೂ ಇಲ್ಲದೆ, 57 ಸೆಕೆಂಡಿಗೆ ಮುಗಿಸುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ಕಾರನ್ನು ದೂರುವ ದಾರಿ ಅಲ್ಲಿಗೆ ಮುಚ್ಚಿತು. ಕಳೆದುಹೋದ ಐದು ಸೆಕೆಂಡು ಇರುವುದು ತನ್ನ ಕೈಕಾಲು ಕಣ್ಣುಗಳಲ್ಲಿ ಎಂದು ಅವನಿಗೆ ಖಚಿತವಾಗುತ್ತದೆ. ಅವನ್ನು ಹುಡುಕಲು ಮುಂದಿನ ಭಾನುವಾರ ಮತ್ತೆ ಬರುತ್ತಾನೆ. ಮೊದಲ ನಾಲ್ಕು ಸೆಕೆಂಡು ಕೆಲವು ತಿಂಗಳಲ್ಲಿ ಸಿಕ್ಕರೂ ಸಿಗಬಹುದು. ಕೊನೆಯ ಒಂದಕ್ಕೆ ವರ್ಷಗಳೇ ಬೇಕು.

ಕಲಿಯುವುದಾದರೂ ಏನನ್ನು? ಬ್ರೇಕ್ ಹಾಕಿದಾಗ ಬಸ್ಸಿನಲ್ಲಿ ನಿಂತವರು ಮುಂದಕ್ಕೆ ವಾಲುತ್ತಾರಲ್ಲ, ಕಾರಿನ ಭಾರವೂ ಹಾಗೆಯೇ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಆಕ್ಸಿಲರೇಟರ್ ತುಳಿದರೆ ಹಿಂದಕ್ಕೆ ಸರಿಯುತ್ತದೆ. ಭಾರ ಬಿದ್ದ ಚಕ್ರಕ್ಕೆ ನೆಲದ ಹಿಡಿತ ಹೆಚ್ಚು. ಆದರೆ ಆ ಹಿಡಿತ ತಿಂಗಳ ಸಂಬಳದಂತೆ, ಅಳತೆಯದು. ಎಲ್ಲವನ್ನೂ ಬ್ರೇಕಿಗೆ ಖರ್ಚು ಮಾಡಿದರೆ ತಿರುಗಲು ಏನೂ ಉಳಿಯುವುದಿಲ್ಲ. ಸ್ಟಿಯರಿಂಗ್ ಎಷ್ಟೇ ತಿರುಗಿಸಿದರೂ ಕಾರು ನೆಟ್ಟಗೆ ಜಾರುತ್ತದೆ. ಹೊಸಬರೆಲ್ಲ ತಿರುವಿಗೆ ಜೋರಾಗಿ ನುಗ್ಗಿ ಹೀಗೆ ಜಾರುವವರೇ. ಹಳಬರು ಮೊದಲೇ ನಿಧಾನಿಸಿ, ತಿರುವಿನಿಂದ ಬೇಗ ಹೊರಬೀಳುತ್ತಾರೆ.

ಇದಕ್ಕಿಂತ ಕಷ್ಟದ ಪಾಠ ಕಣ್ಣಿನದು. ಹಳ್ಳಿಯಲ್ಲಿ ಬಾಡಿಗೆ ಸೈಕಲ್ ಕಲಿತವರಿಗೆ ನೆನಪಿದ್ದೀತು, ದಾರಿಯಲ್ಲಿ ಒಂದೇ ಕಲ್ಲಿದ್ದರೂ ಅದನ್ನೇ ನೋಡುತ್ತ ಹೋಗಿ ಅದಕ್ಕೇ ಗುದ್ದುವುದು. ಕೋನೂ ಹಾಗೆಯೇ. ಎದುರಿನ ಕೋನನ್ನು ನೋಡಿದವನು ಅದನ್ನು ಉರುಳಿಸುತ್ತಾನೆ. ಅದರಾಚೆಯ ಮೂರನೆಯ ಕೋನಿನ ಮೇಲೆ ಕಣ್ಣಿಟ್ಟರೆ ಕೈ ತಾನಾಗಿ ದಾರಿ ಕಂಡುಕೊಳ್ಳುತ್ತದೆ. ಈ ಅಭ್ಯಾಸ ಭಾನುವಾರಕ್ಕೆ ಮುಗಿಯುವುದಲ್ಲ. ಮಳೆಯ ರಾತ್ರಿ ಘಾಟಿ ಇಳಿಯುವಾಗ ಎದುರು ಹಸುವೊಂದು ಬಂದರೆ ಬ್ರೇಕಿಗೆಷ್ಟು, ತಿರುವಿಗೆಷ್ಟು ಎಂಬ ಲೆಕ್ಕ ಕಾಲಿಗೆ ಗೊತ್ತಿರುವುದು ಬೇರೆ, ಗಾಬರಿಯಲ್ಲಿ ತುಳಿಯುವುದು ಬೇರೆ. ನಮ್ಮ ಲೈಸೆನ್ಸ್ ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ.

ಈ ಆಟ ಬಯಲಿಗೆ ಬರಲು ಮೋಟಾರು ಕ್ರೀಡೆ ಬಹಳ ಬೆಲೆ ತೆತ್ತಿದೆ. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಹುಟ್ಟಿದ್ದು 1944ರಲ್ಲಿ. ಯುದ್ಧ ಮುಗಿದ ಮೇಲೆ ಎಂ.ಜಿ.ಯಂಥ ಬ್ರಿಟಿಷ್ ಪುಟ್ಟ ಕಾರುಗಳ ರುಚಿ ಅಮೆರಿಕನ್ನರಿಗೆ ಹತ್ತಿತು. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ವಾಟ್‌ಕಿನ್ಸ್ ಗ್ಲೆನ್ ಎಂಬ ಊರಿನ ಬೀದಿಗಳಲ್ಲೇ ಓಟ ನಡೆಯಿತು. ಜನ ರಸ್ತೆಯ ಅಂಚಿನಲ್ಲಿ ನಿಂತು ನೋಡುತ್ತಿದ್ದರು. 1952ರಲ್ಲಿ ಕಾರೊಂದು ಪ್ರೇಕ್ಷಕರಿಗೆ ತಾಗಿ ಏಳು ವರ್ಷದ ಬಾಲಕನೊಬ್ಬ ಸತ್ತ. ಓಟ ಊರಿನಿಂದ ಹೊರಬಿತ್ತು. ಅದೇ ಕಾಲದಲ್ಲಿ ಜನರಲ್ ಕರ್ಟಿಸ್ ಲಮೇ ತನ್ನ ವಾಯುನೆಲೆಗಳ ವಿಮಾನಪಟ್ಟಿಗಳನ್ನು ಕ್ಲಬ್ಬಿಗೆ ಬಿಟ್ಟುಕೊಟ್ಟು ಒಂದೆರಡು ವರ್ಷ ಓಟ ನಡೆಸಿದ. ಜಪಾನಿನ ನಗರಗಳ ಮೇಲೆ ಬೆಂಕಿ ಸುರಿಸಿದ ದಳಪತಿಯೇ ಈತ. ಕಾರುಗಳ ವಿಷಯದಲ್ಲಿ ಮಾತ್ರ ಮಹಾ ಪ್ರೇಮಿ. ದೊಡ್ಡ ಓಟಗಳಿಗೆ ಮುಂದೆ ಖಾಯಂ ಟ್ರ್ಯಾಕುಗಳು ಬಂದವು. ಹಣವಿಲ್ಲದ ಸಾಮಾನ್ಯ ಸದಸ್ಯರ ಪಾಲಿಗೆ ಪಾರ್ಕಿಂಗ್ ಬಯಲು ಮತ್ತು ಕೋನ್ ಉಳಿದವು. 1973ರಿಂದ ಇದಕ್ಕೆ ರಾಷ್ಟ್ರೀಯ ಸ್ಪರ್ಧೆಯೇ ಇದೆ. 2009ರಲ್ಲಿ ಅದು ನೆಬ್ರಾಸ್ಕಾದ ಲಿಂಕನ್ ನಗರದ ಹಳೆಯ ವಾಯುನೆಲೆಗೆ ಬಂತು. ಸಾವಿರಕ್ಕೂ ಹೆಚ್ಚು ಮಂದಿ ಸೇರುತ್ತಾರೆ. ಒಬ್ಬರಿಗೆ ಸಿಗುವುದು ಎರಡು ದಿನಕ್ಕೆ ಆರೇ ಸುತ್ತು. ಸಾವಿರಾರು ಕಿಲೋಮೀಟರು ಬಂದು, ಸೆಕೆಂಡಿನ ನೂರನೆಯ ಒಂದು ಪಾಲಿಗೆ ಸೋತು ಹಿಂದಿರುಗುವವರಿದ್ದಾರೆ.

ನಮ್ಮಲ್ಲಿಯೂ ಕಥೆ ವಿಮಾನಪಟ್ಟಿಯಿಂದಲೇ ಶುರು. ಎರಡನೆಯ ಮಹಾಯುದ್ಧದ ಕಾಲದ ಶೋಳಾವರಂ ಪಟ್ಟಿಯ ಮೇಲೆ ಮದ್ರಾಸಿನ ಕ್ಲಬ್ಬು ದಶಕಗಳ ಕಾಲ ಓಟ ನಡೆಸಿತು. ಬೆಂಗಳೂರಿನಿಂದ ಹೋದ ವಿಜಯ್ ಮಲ್ಯ ಹಳೆಯ ಫಾರ್ಮುಲಾ ಒನ್ ಕಾರನ್ನೇ ಅಲ್ಲಿ ಓಡಿಸಿದರು. ಆದರೆ ಅದು ಶ್ರೀಮಂತರ ಮಾತಾಯಿತು. ಬೆಂಗಳೂರಿನ ಸಿಪಾನಿ ಕಂಪೆನಿ 1980ರ ದಶಕದಲ್ಲಿ ಮಾಡಿದ ಡಾಲ್ಫಿನ್ ಕಾರಿನ ಕಥೆ ಇಲ್ಲಿ ಹೆಚ್ಚು ಪ್ರಸ್ತುತ. ಫೈಬರ್ ಮೈಯ, 848 ಸಿ.ಸಿ. ಎಂಜಿನ್ನಿನ ಆ ಪುಟ್ಟ ಗಾಡಿ ಮಾರುಕಟ್ಟೆಯಲ್ಲಿ ಮಾರುತಿಯ ಮುಂದೆ ನಿಲ್ಲಲಿಲ್ಲ. ಹಗುರವಾಗಿದ್ದ ಕಾರಣಕ್ಕೆ ರ್‍ಯಾಲಿ ಮತ್ತು ಓಟದ ಹುಡುಗರಿಗೆ ಮಾತ್ರ ಅಚ್ಚುಮೆಚ್ಚಾಯಿತು.

ಇಂದಿನ ಹುಡುಗರಿಗೆ ಜಿಮಖಾನಾ ಎಂದರೆ ಅಮೆರಿಕದ ಕೆನ್ ಬ್ಲಾಕ್ 2008ರಿಂದ ಹೊರತಂದ ವಿಡಿಯೊಗಳು. ಹೊಗೆ ಏಳಿಸುತ್ತ ಕಾರನ್ನು ಬುಗುರಿಯಂತೆ ಸುತ್ತಿಸುವ ಆ ಚಮತ್ಕಾರ ಮುಚ್ಚಿದ ಜಾಗದಲ್ಲಿ, ತಿಂಗಳುಗಟ್ಟಲೆ ಸಿದ್ಧತೆಯಿಂದ ಮಾಡಿದ್ದೆಂಬುದು ತೆರೆಯ ಮೇಲೆ ಕಾಣುವುದಿಲ್ಲ. ಕಾಣುವ ಭಾಗವನ್ನಷ್ಟೇ ಕಲಿತವರು ನಡುರಾತ್ರಿ ಬೆಂಗಳೂರಿನ ವಿಮಾನ ನಿಲ್ದಾಣದ ರಸ್ತೆಗೆ ಇಳಿಯುತ್ತಾರೆ. ಬೈಕಿನವರ ವೀಲಿಂಗ್ ಅಂತೂ ಪೊಲೀಸರಿಗೆ ನಿತ್ಯದ ತಲೆನೋವು. ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಂತೆ ಸಾರ್ವಜನಿಕ ಸ್ಥಳದಲ್ಲಿ ಅನುಮತಿ ಇಲ್ಲದೆ ಪಂದ್ಯ ಕಟ್ಟುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾಯಿದೆ ಬೇಕು, ಸರಿ. ಆದರೆ ರಸ್ತೆಯಿಂದ ಎಬ್ಬಿಸಿದ ಹುಡುಗ ಹೋಗಬೇಕಾದ ಬಯಲು ಯಾವುದು ಎಂದು ಕೇಳಿದರೆ ಊರಿನಲ್ಲಿ ಉತ್ತರವಿಲ್ಲ. ಭಾನುವಾರಗಳಂದು ಖಾಲಿ ಬೀಳುವ ಕಾರ್ಖಾನೆಗಳ, ಸಂಸ್ಥೆಗಳ ವಾಹನ ನಿಲ್ದಾಣಗಳಿಗೇನೂ ಬೆಂಗಳೂರಿನಲ್ಲಿ ಬರವಿಲ್ಲ. ವಿಮೆ, ಆಂಬುಲೆನ್ಸು, ಅನುಮತಿಗಳ ಜವಾಬ್ದಾರಿ ಹೊರಲು ಕ್ಲಬ್ಬುಗಳು ಬೇಕು, ಕ್ಲಬ್ಬನ್ನು ನಂಬಿ ಗೇಟು ತೆರೆಯುವ ಮಾಲೀಕರು ಬೇಕು.

ಬೆಂಗಳೂರಿಗಿಂತ ಈ ವಿಷಯದಲ್ಲಿ ಕೊಡಗು ಮುಂದಿದೆ. ಅಲ್ಲಿ ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಅದರಲ್ಲೇ ದಾರಿ ಮಾಡಿ ಆಟೋಕ್ರಾಸ್ ನಡೆಸುವುದುಂಟು. ಡಾಂಬರಿಲ್ಲ, ಬರೀ ಮಣ್ಣು. ಕಾರು ತಿರುವಿನಲ್ಲಿ ಎಬ್ಬಿಸಿದ ಕೆಂಪು ಧೂಳು ಪಕ್ಕದ ಕಾಫಿ ತೋಟದವರೆಗೆ ಹೋಗುತ್ತದೆ. ಕಾಫಿ ಕೆಲಸಕ್ಕೆಂದು ಇಟ್ಟ ಜಿಪ್ಸಿ ಜೀಪುಗಳೂ ಗಡಿಯಾರದ ಎದುರು ನಿಲ್ಲುತ್ತವೆ. ಮಳೆಗಾಲ ಬಂದರೆ ಗದ್ದೆಗೆ ನೀರು ನಿಂತು ನಾಟಿ ಶುರುವಾಗುತ್ತದೆ, ಆಗ ಕೆಸರುಗದ್ದೆ ಕ್ರೀಡಾಕೂಟದ ಸರದಿ. ಮೊಣಕಾಲುದ್ದ ಕೆಸರಿನಲ್ಲಿ ಊರಿನವರು ಬರಿಗಾಲಿನಲ್ಲಿ ಓಡುತ್ತಾರೆ.