ಕೀಲು ಮತ್ತು ಬೆನ್ನೆಲುಬಿನ ಉರಿಯೂತ: ಗುರುತು, ನಿದಾನ, ಚಿಕಿತ್ಸೆ
(ಶತಮಾನೋತ್ಸವದ ಅಂಗವಾಗಿ ನ್ಯೂ ಟೌನಿನಲ್ಲಿ ನೀಡಿದ ಆರೋಗ್ಯ ಉಪನ್ಯಾಸ)



ಬಲಿಪೂಜೆಯಲ್ಲಿ ಎಲ್ಲರೂ ಮೊಣಕಾಲೂರುವಾಗ ಕೆಲವರು ಮುಂದಿನ ಬೆಂಚನ್ನು ಹಿಡಿದು ಕುಳಿತೇ ಇರುವುದನ್ನು ನಾವೆಲ್ಲರೂ ಕಂಡಿದ್ದೇವೆ. ವೃದ್ಧರಾದರೆ ಆಶ್ಚರ್ಯವಿಲ್ಲ. ಮೂವತ್ತರ ಗೃಹಿಣಿಯೋ ಇಪ್ಪತ್ತೈದರ ತರುಣನೋ ಹಾಗೆ ಕುಳಿತಿದ್ದರೆ, ಅದನ್ನು ಆಲಸ್ಯವೆಂದು ಎಣಿಸುವ ಮೊದಲು ಅವರ ಕೀಲುಗಳನ್ನು ವಿಚಾರಿಸಬೇಕು. ಇಂದು ನಾವು ಹೇಳಹೊರಟಿರುವುದು ಅಂಥವರ ವಿಷಯವನ್ನೇ.

ಕೀಲುನೋವೆಲ್ಲ ಒಂದೇ ಜಾತಿಯದಲ್ಲ. ಸವೆತದಿಂದ ಬರುವ ನೋವು ದುಡಿದ ಮೇಲೆ ಹೆಚ್ಚಿ, ವಿಶ್ರಾಂತಿಯಿಂದ ತಗ್ಗುತ್ತದೆ. ಉರಿಯೂತದ ನಡತೆ ಇದಕ್ಕೆ ವಿರುದ್ಧ. ದೇಹದ ರಕ್ಷಣಾ ವ್ಯವಸ್ಥೆಯೇ ದಿಕ್ಕುತಪ್ಪಿ ಕೀಲಿನ ಒಳಪೊರೆಯ ಮೇಲೆ ಎರಗುವುದರಿಂದ, ವಿಶ್ರಾಂತಿಯ ನಂತರವೇ ಬಿಗಿತ ಹೆಚ್ಚು. ರುಮಟಾಯ್ಡ್ ಸಂಧಿವಾತದಲ್ಲಿ ಎರಡೂ ಕೈಗಳ ಬೆರಳುಗಳ ಬುಡ ಮತ್ತು ಮಣಿಕಟ್ಟು ಊದಿಕೊಳ್ಳುತ್ತವೆ. ಬೆಳಗಿನ ಬಿಗಿತ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೂ, ಕೆಲವರಿಗೆ ಅದಕ್ಕೂ ಹೆಚ್ಚು ಹೊತ್ತು, ಬಿಡುವುದಿಲ್ಲ. ಸೀರೆಯ ನೆರಿಗೆ ಹಿಡಿಯುವುದು, ಚಪಾತಿಯ ಹಿಟ್ಟು ನಾದುವುದು, ಜಪಸರದ ಮಣಿ ಸರಿಸುವುದು ಕೂಡ ಕಷ್ಟವಾಗುತ್ತದೆ. ಈ ರೋಗ ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ನಮ್ಮ ಮನೆಗಳಲ್ಲಿ ತಾಯಂದಿರ ನೋವು ಕೊನೆಗೆ ವಿಚಾರಿಸಲ್ಪಡುವ ನೋವಾದ್ದರಿಂದ, ವೈದ್ಯರ ಬಳಿಗೆ ಬರುವಷ್ಟರಲ್ಲಿ ಬೆರಳುಗಳು ಸೊಟ್ಟಗಾಗಿರುತ್ತವೆ.

ಬೆನ್ನೆಲುಬಿನ ಉರಿಯೂತವು ಇನ್ನಷ್ಟು ವಂಚಕ. 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದಂದಿನಿಂದ ನಮ್ಮದು ಕಾರ್ಖಾನೆಯ ಊರು. ಬೆನ್ನುನೋವೆಂದರೆ ಭಾರ ಎತ್ತಿದ್ದರ ಫಲವೆಂದೇ ಇಲ್ಲಿಯ ತೀರ್ಮಾನ. ನಾವು ಕಂಡ ಒಬ್ಬ ತರುಣ ಮೂರು ವರ್ಷ ಎಣ್ಣೆ ತಿಕ್ಕಿಸಿಕೊಂಡು, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಹಾಸಿಗೆ ಹಿಡಿದು ಮಲಗಿದ್ದ. ಮಲಗಿದಷ್ಟೂ ಬಿಗಿತ ಹೆಚ್ಚಿತು. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗುವುದೆಂದೂ, ಎದ್ದು ಓಡಾಡಿದರೆ ಹಗುರವಾಗುವುದೆಂದೂ ಅವನೇ ಹೇಳುತ್ತಿದ್ದ, ಕೇಳಿಸಿಕೊಂಡವರಿರಲಿಲ್ಲ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ರೋಗದ ಮುಖಲಕ್ಷಣವೇ ಅದು. ನಲವತ್ತೈದರೊಳಗೆ ಆರಂಭವಾಗಿ ಮೂರು ತಿಂಗಳು ಮೀರಿದ ಇಂಥ ಬೆನ್ನುನೋವನ್ನು ಅಲಕ್ಷಿಸಬಾರದು. ನಡುವೆ ಕಣ್ಣು ಕೆಂಪಾಗಿ ನೋಯುವುದೂ, ಬೆಳಕು ಸಹಿಸದಿರುವುದೂ ಇದೇ ರೋಗದ ಕವಲಾಗಿರಬಹುದು. ಆಗ ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು.

ನಿದಾನ ಎಷ್ಟು ಸೂಕ್ಷ್ಮವೆಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 1970ರ ದಶಕದ ಮಧ್ಯಭಾಗದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಬಡ ಕೃಷಿಕಾರ್ಮಿಕರಲ್ಲಿ ಸೊಂಟ ಮತ್ತು ಮೊಣಕಾಲುಗಳ ತೀವ್ರ ವೇದನೆ ಬೆಳಕಿಗೆ ಬಂದಿತು. ಕೆಲವರು ಕುಂಟಿದರು, ಕೆಲವರು ನೆಲದ ಮೇಲೆ ತೆವಳಬೇಕಾಯಿತು. ಗದ್ದೆಯ ಏಡಿಗಳನ್ನು ತಿಂದದ್ದೇ ಕಾರಣವೆಂದು ಜನ ಶಂಕಿಸಿದರು. ಮೊದಲು ಪರೀಕ್ಷಿಸಿದ ವಿಜ್ಞಾನಿಗಳು ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆದರು. ಮುಂದಿನ ಸಂಶೋಧನೆಗಳಿಂದ ಅದು ಉರಿಯೂತವಲ್ಲವೆಂದೂ, ಮೂಳೆ ಕೀಲುಗಳ ಬೆಳವಣಿಗೆಯಲ್ಲಿಯೇ ಇರುವ ಆನುವಂಶಿಕ ದೋಷವೆಂದೂ ತಿಳಿದುಬಂದಿತು. ಊದಿದ ಕೀಲಿಗೆ ಕೊಡುವ ಔಷಧ ಆ ದೋಷವನ್ನು ಸರಿಪಡಿಸಲಾರದು. ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ. ಅದರ ಬೆಲೆ ತೆರುವವರು ಬಡವರೇ.

ಆದ್ದರಿಂದ ಒಂದೇ ರಕ್ತಪರೀಕ್ಷೆಯ ಚೀಟಿ ಹಿಡಿದು ತೀರ್ಪು ಕೊಡಲಾಗದು. ರುಮಟಾಯ್ಡ್ ಫ್ಯಾಕ್ಟರ್ ಆರೋಗ್ಯವಂತರಲ್ಲಿಯೂ ಕೆಲವೊಮ್ಮೆ ಕಾಣುತ್ತದೆ, ರೋಗಿಗಳಲ್ಲಿ ಕೆಲವರಿಗೆ ಕಾಣುವುದೇ ಇಲ್ಲ. ಎಚ್‌ಎಲ್‌ಎ ಬಿ 27 ಎಂಬ ಗುರುತು ಇದ್ದವರಲ್ಲಿ ಬಹುಮಂದಿಗೆ ಬೆನ್ನಿನ ರೋಗ ಬರುವುದಿಲ್ಲ. ಎಕ್ಸರೇಯಲ್ಲಿ ಬದಲಾವಣೆ ಮೂಡಲು ವರ್ಷಗಳೇ ಹಿಡಿಯಬಹುದಾಗಿ, ಎಂಆರ್‌ಐ ಅಗತ್ಯವಾದೀತು. 2006ರಲ್ಲಿ ನಾಡನ್ನು ಕಾಡಿದ ಚಿಕುನ್‌ಗುನ್ಯಾದಂಥ ಜ್ವರವೂ ತಿಂಗಳುಗಟ್ಟಲೆ ಕೀಲುನೋವನ್ನು ಉಳಿಸಬಲ್ಲದು. ಜ್ವರದೊಡನೆ ಒಂದೇ ಕೀಲು ಹಠಾತ್ತನೆ ಊದಿ ಬಿಸಿಯಾದರೆ ಅದು ಕೀವು ತುಂಬಿದ ಕೀಲಾಗಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು, ಮರುದಿನದವರೆಗೂ ಕಾಯಬಾರದು.

ಚಿಕಿತ್ಸೆಯ ಮಾತು. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಎಂಬ ವೈದ್ಯರು ಕಾರ್ಟಿಸೋನ್ ಪ್ರಯೋಗಿಸಿದಾಗ, ಹಾಸಿಗೆ ಹಿಡಿದ ರೋಗಿ ಕೆಲವೇ ದಿನಗಳಲ್ಲಿ ಎದ್ದು ನಡೆದರು. 1950ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಹುಮಾನ ದೊರೆಯಿತು. ದೀರ್ಘಕಾಲ ಸೇವಿಸಿದಾಗ ಮೂಳೆ ಟೊಳ್ಳಾಗುವುದು, ಸಕ್ಕರೆ ಏರುವುದು, ಮುಖ ಊದುವುದು ಅನಂತರ ತಿಳಿಯಿತು. ಸಂತೆಯಲ್ಲಿ ದೊರೆಯುವ, ಎರಡೇ ದಿನದಲ್ಲಿ ಗುಣ ತೋರುವ ಹೆಸರಿಲ್ಲದ ವಾತದ ಪುಡಿಗಳಲ್ಲಿ ಈ ಸ್ಟೆರಾಯ್ಡನ್ನೇ ಬೆರೆಸಿರುವುದುಂಟು. ಅಂಥದ್ದನ್ನು ಬಹುಕಾಲ ತಿಂದವರು ಹಠಾತ್ತನೆ ನಿಲ್ಲಿಸುವುದೂ ಅಪಾಯ. ವೈದ್ಯರಿಗೆ ತಿಳಿಸಿ ಕ್ರಮವಾಗಿ ಬಿಡಬೇಕು.

ರುಮಟಾಯ್ಡ್ ಸಂಧಿವಾತಕ್ಕೆ ಇಂದು ಆಧಾರವಾಗಿರುವ ಔಷಧ ಮೆಥೋಟ್ರೆಕ್ಸೇಟ್. ಇದು ವಾರಕ್ಕೆ ಒಂದೇ ದಿನ ಸೇವಿಸತಕ್ಕದ್ದು. ನಿತ್ಯದ ಮಾತ್ರೆಯೆಂದು ತಿಳಿದು ಪ್ರತಿದಿನ ನುಂಗಿ, ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಪ್ರಾಣಕ್ಕೇ ಬಂದ ಪ್ರಸಂಗವನ್ನು ನಾವು ಕಂಡಿದ್ದೇವೆ. ಮನೆಯವರು ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿಡಲಿ. ಭಾನುವಾರವಾದರೆ ಮರೆಯುವುದು ಕಡಿಮೆ. ಗರ್ಭಿಣಿಯರು ಇದನ್ನು ಸೇವಿಸಕೂಡದು. ಯಕೃತ್ತಿನ ಪರೀಕ್ಷೆ ಕಾಲಕಾಲಕ್ಕೆ ಆಗಬೇಕು, ಮದ್ಯವನ್ನು ದೂರವಿಡಬೇಕು. ಇದಕ್ಕೆ ಬಗ್ಗದ ರೋಗಕ್ಕೆ ಜೈವಿಕ ಔಷಧಗಳ ಚುಚ್ಚುಮದ್ದುಗಳಿವೆ. ಬೆಲೆ ಹೆಚ್ಚು, ಸುಪ್ತ ಕ್ಷಯವಿದೆಯೇ ಎಂದು ಮೊದಲು ನೋಡಿಯೇ ಕೊಡಬೇಕು.

ಬೆನ್ನಿನ ರೋಗಕ್ಕೆ ನೋವು ಉರಿಯೂತ ತಗ್ಗಿಸುವ ಮಾತ್ರೆಗಳೊಡನೆ ವ್ಯಾಯಾಮವೇ ಅರ್ಧ ಔಷಧ. ಬೆನ್ನು ನೇರಮಾಡುವ, ಎದೆಯುಬ್ಬಿಸಿ ಉಸಿರೆಳೆಯುವ ಅಭ್ಯಾಸ ನಿತ್ಯವೂ ನಡೆಯಬೇಕು. ಬೀಡಿ ಸಿಗರೇಟು ಬಿಡಬೇಕು. ಮೇಲೆ ಹೇಳಿದ ತರುಣ ಈಗ ಬೆಳಿಗ್ಗೆ ಐದಕ್ಕೆ ಎದ್ದು ನಡೆಯುತ್ತಾನೆ. ಕುತ್ತಿಗೆ ಪೂರ್ತಿ ತಿರುಗುವುದಿಲ್ಲ. ಆ ಮೂರು ವರ್ಷಗಳಲ್ಲಿ ಹೋದದ್ದು ಮರಳಲಿಲ್ಲ. ಪಾಳಿಯ ಕೆಲಸಕ್ಕೆ ಮಾತ್ರ ತಪ್ಪದೆ ಹೋಗುತ್ತಿದ್ದಾನೆ.