ತಂತಿ ಹಿಡಿದು ಬರುವ ಪೆಟ್ಟು



ಗುಡುಗು ಶುರುವಾದ ಕೂಡಲೇ ಟೀವಿಯ ಪ್ಲಗ್ ಕಿತ್ತಿಡಿ ಎನ್ನುತ್ತಾರೆ ಮನೆಯ ಹಿರಿಯರು. ಸಿಡಿಲು ಎಲ್ಲೋ ಬಡಿದರೂ ಪೆಟ್ಟು ತಂತಿ ಹಿಡಿದು ಒಳಗೆ ಬರುತ್ತದೆಂದು ಅವರು ಬಲ್ಲರು. ವಿದ್ಯುತ್ಕಾಂತ ಶಕ್ತಿಯ ಹಠಾತ್ ಹೊಡೆತವಾದ ವಿದ್ಯುತ್ಕಾಂತೀಯ ಸ್ಪಂದನದ, ಅಂದರೆ ಇಎಂಪಿಯ ಚರಿತ್ರೆ ಕಲಿಸುವ ಪಾಠವೂ ಬಹುಮಟ್ಟಿಗೆ ಇದೇ.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಖಗೋಳಜ್ಞ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಮೇಲೆ ಹಠಾತ್ತನೆ ಬೆಳಕು ಚಿಮ್ಮಿದ್ದನ್ನು ಕಂಡರು. ಮರುದಿನವೇ ಭೂಮಿಯ ಕಾಂತಕ್ಷೇತ್ರ ಅಲ್ಲಾಡಿಹೋಯಿತು. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲೂ ಅದು ದಾಖಲಾಯಿತು. ಅಮೆರಿಕದ ಬಾಸ್ಟನ್–ಪೋರ್ಟ್‌ಲೆಂಡ್ ಟೆಲಿಗ್ರಾಫ್ ಸಿಬ್ಬಂದಿ ಬ್ಯಾಟರಿ ಕಳಚಿಟ್ಟು, ತಂತಿಯಲ್ಲಿ ತಾನಾಗಿ ಹರಿದ ಕರೆಂಟಿನಲ್ಲೇ ಸಂದೇಶ ಕಳಿಸಿದರು.

ಸೂರ್ಯ ಮಾಡಿದ್ದಕ್ಕಿಂತ ತೀಕ್ಷ್ಣವಾದ ಪೆಟ್ಟನ್ನು ಮನುಷ್ಯ ಕೊಟ್ಟಿದ್ದು 1962ರ ಜುಲೈಯಲ್ಲಿ. ಪೆಸಿಫಿಕ್ ಸಾಗರದ ಮೇಲೆ, 400 ಕಿಲೋಮೀಟರ್ ಎತ್ತರದಲ್ಲಿ ಅಮೆರಿಕ 1.4 ಮೆಗಾಟನ್ನಿನ ಬಾಂಬು ಸಿಡಿಸಿತು. ಈ ಪರೀಕ್ಷೆಯ ಹೆಸರು ಸ್ಟಾರ್‌ಫಿಶ್ ಪ್ರೈಮ್. ಬಾಂಬಿನ ಗಾಮಾ ಕಿರಣಗಳು ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಹೊಡೆದುರುಳಿಸುತ್ತವೆ. ಭೂಮಿಯ ಕಾಂತಕ್ಷೇತ್ರಕ್ಕೆ ಸಿಕ್ಕಿದ ಆ ಎಲೆಕ್ಟ್ರಾನುಗಳು ಬಾಗಿ ಸುತ್ತುತ್ತ, ಕಣ್ಣೆವೆ ಇಕ್ಕುವುದಕ್ಕೂ ಮೊದಲೇ ಪ್ರಬಲ ರೇಡಿಯೋ ಅಲೆಯೊಂದನ್ನು ಕೆಳಕ್ಕೆ ಚಿಮ್ಮಿಸುತ್ತವೆ. ಸುಮಾರು 1,450 ಕಿಲೋಮೀಟರ್ ದೂರದ ಹವಾಯಿಯಲ್ಲಿ ಬೀದಿದೀಪಗಳು ಆರಿದವು, ಕಳ್ಳರ ಎಚ್ಚರಿಕೆ ಗಂಟೆಗಳು ಬಡಿದುಕೊಂಡವು. ಅದೇ ವರ್ಷದ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟ ಕಜಕಸ್ತಾನದ ಮೇಲೆ ಸಿಡಿಸಿದ ಬಾಂಬು 570 ಕಿಲೋಮೀಟರ್ ಉದ್ದದ ಟೆಲಿಫೋನ್ ಮಾರ್ಗದ ಫ್ಯೂಸುಗಳನ್ನು ಸುಟ್ಟುಹಾಕಿತು. 1963ರ ಅಂತರರಾಷ್ಟ್ರೀಯ ಒಪ್ಪಂದ ಇಂಥ ಪರೀಕ್ಷೆಗಳನ್ನು ನಿಷೇಧಿಸಿತು.

ಸೂರ್ಯನಿಗೆ ಮಾತ್ರ ಒಪ್ಪಂದವಿಲ್ಲ. 1989ರ ಮಾರ್ಚ್ 13ರಂದು ಸೌರ ಬಿರುಗಾಳಿಯೊಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲವನ್ನೇ ಕೆಡವಿತು. ಅರವತ್ತು ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿದ್ದರು.

ಹಾಗಾದರೆ ನಮ್ಮ ಕಾರು? ಇಎಂಪಿ ಬಂದರೆ ವಾಹನಗಳೆಲ್ಲ ನಿಂತುಬಿಡುತ್ತವೆ ಎಂಬ ಮಾತಿದೆ. ಅಮೆರಿಕದ ಇಎಂಪಿ ಆಯೋಗ 1986ರಿಂದ 2002ರವರೆಗಿನ ಮಾದರಿಗಳ 37 ಕಾರುಗಳನ್ನು ಪರೀಕ್ಷಿಸಿತು. ಓಡುತ್ತಿದ್ದವುಗಳಲ್ಲಿ ಮೂರು ಮಾತ್ರ ನಿಂತವು, ಅವೂ ಮತ್ತೆ ಸ್ಟಾರ್ಟ್ ಆದವು. ಎಂಜಿನ್ ಆರಿಸಿದ್ದ ಕಾರುಗಳಿಗೆ ಏನೂ ಆಗಲಿಲ್ಲ. ಇಂದಿನ ಕಾರುಗಳಲ್ಲಿ ಎಲೆಕ್ಟ್ರಾನಿಕ್ಸ್ ಹೆಚ್ಚಿರುವುದರಿಂದ ಆ ಫಲಿತಾಂಶ ಇವಕ್ಕೂ ಹಾಗೇ ಅನ್ವಯಿಸುತ್ತದೆ ಎನ್ನುವಂತಿಲ್ಲ. ಆದರೂ ಒಂದು ಮಾತು ನಿಜ: ಜೇಬಿನಲ್ಲಿರುವ ಮೊಬೈಲಿಗಿಂತ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಉಪಕರಣಕ್ಕೆ ಅಪಾಯ ಹೆಚ್ಚು. ಕಾರು ಓಡುವಂತಿದ್ದರೂ ಬಂಕಿನ ಪಂಪಿಗೆ ಕರೆಂಟು ಬೇಕು, ನಲ್ಲಿ ನೀರಿಗೂ ಬೇಕು. ಆದ್ದರಿಂದ ಮೊದಲು ಕಾಯಬೇಕಾದದ್ದು ವಿದ್ಯುತ್ ಮಾರ್ಗಗಳನ್ನು, ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು.

ಸೂರ್ಯನ ಮೇಲೆ ಕಣ್ಣಿಡಲು 2023ರ ಸೆಪ್ಟೆಂಬರ್ 2ರಂದು ಹೊರಟ ನಮ್ಮ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವನ್ನು ರೂಪಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಸೌರ ಬಿರುಗಾಳಿಯ ಮುನ್ಸೂಚನೆ ಸಿಕ್ಕರೆ ಜಾಲ ನಡೆಸುವವರು ಹೊರೆ ಇಳಿಸಿ ಸಿದ್ಧರಾಗಬಹುದು.

ನಾವು ಮಾಡಬಹುದಾದದ್ದೂ ಇದೆ. ಗುಡುಗುವಾಗ ಪ್ಲಗ್ ಕೀಳುವ ಹಿರಿಯರ ರೂಢಿಯನ್ನು ಬಿಡಬೇಡಿ. ಒಂದು ಟಾರ್ಚು, ತುಸು ನೀರು, ಬ್ಯಾಟರಿಯ ಒಂದು ಪುಟ್ಟ ರೇಡಿಯೋ ಮನೆಯಲ್ಲಿರಲಿ. ಕರೆಂಟು ಹೋದ ದಿನ ಸುದ್ದಿ ನಿಮ್ಮನ್ನು ತಲುಪುವುದು ಅದರಿಂದಲೇ.