ಆಂಬುಲೆನ್ಸಿನಲ್ಲಿ ಯಾರಿರಬೇಕು? ಹೃದ್ರೋಗಿಯ ಮೊದಲ ಎರಡು ತಾಸು



 ಈ ದತ್ತಿ ಉಪನ್ಯಾಸ ಯಾರ ನೆನಪಿನದೋ ಆ ಮಾಸ್ತರರು ಜೀವನವಿಡೀ ಗಣಿತ ಕಲಿಸಿದವರು. ಅವರ ಹೆಸರಿನ ಸಭೆಯಲ್ಲಿ ಲೆಕ್ಕ ಬಿಟ್ಟು ಬರೀ ಉಪದೇಶ ಮಾಡುವುದು ಸಲ್ಲದು.

ಹೃದಯದ ರಚನೆ, ಬಿ.ಪಿ., ಸಕ್ಕರೆ ಕಾಯಿಲೆ, ತಂಬಾಕು ಇವುಗಳ ಬಗ್ಗೆ ಒಳ್ಳೆಯ ಪುಸ್ತಕಗಳಿವೆ, ಅವನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ನನ್ನ ಮಾತು ಆಂಬುಲೆನ್ಸಿನ ಬಗ್ಗೆ. 108 ಆರೋಗ್ಯ ಕವಚ ಎಂಬ ಆಂಬುಲೆನ್ಸ್ ಸೇವೆ ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು ಶುರುವಾಯಿತು. ಗಾಡಿ ನಡೆಸುವ ಪೈಲಟ್, ರೋಗಿಯ ಪಕ್ಕ ಕೂರುವ ಇ.ಎಂ.ಟಿ. (ತುರ್ತು ವೈದ್ಯಕೀಯ ತಂತ್ರಜ್ಞ) ಇಬ್ಬರೂ ನಿಮಗೆ ಪರಿಚಿತರು. ಒಂದು ಭೇದವನ್ನು ಮಾತ್ರ ನೆನಪಿನಲ್ಲಿಡಿ. ಹೃದಯಾಘಾತದಲ್ಲಿ ರಕ್ತನಾಳ ಮುಚ್ಚುತ್ತದೆ, ಹೃದಯ ಬಡಿಯುತ್ತಲೇ ಇರುತ್ತದೆ. ಹೃದಯಸ್ತಂಭನದಲ್ಲಿ ರಕ್ತ ಸಾಗಿಸುವ ಬಡಿತವೇ ನಿಂತುಹೋಗುತ್ತದೆ.

ಈಗ ವಿವಾದಕ್ಕೆ ಬರುತ್ತೇನೆ. ‘ಸಿಬ್ಬಂದಿಗೆ ಹೆಚ್ಚಿನ ತರಬೇತಿ ಕೊಡುವುದು ದಂಡ, ಗಾಡಿ ಜೋರಾಗಿ ಓಡಿದರೆ ಸಾಕು’ ಎನ್ನುವ ಪಂಡಿತರಿದ್ದಾರೆ. ಅವರ ಕೈಯಲ್ಲಿರುವ ದೊಡ್ಡ ಆಧಾರ ಕೆನಡಾದ ಒಂಟಾರಿಯೊದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ. ಅಲ್ಲಿನ 17 ನಗರಗಳಲ್ಲಿ ಹೃದಯಸ್ತಂಭನದ 5,638 ರೋಗಿಗಳನ್ನು ಗಮನಿಸಿದರು. ಉಸಿರುನಾಳಕ್ಕೆ ಕೊಳವೆ ಹಾಕಬಲ್ಲ, ನರಕ್ಕೆ ಔಷಧಿ ಕೊಡಬಲ್ಲ ಉನ್ನತ ತರಬೇತಿಯ ಸಿಬ್ಬಂದಿ ಬಂದ ಮೇಲೆ ಬದುಕಿ ಮನೆಗೆ ಹೋದವರ ಪ್ರಮಾಣ ಶೇ. 5.0ರಿಂದ 5.1ಕ್ಕೆ ಏರಿತು, ಅಷ್ಟೇ. ಕುಸಿದವರನ್ನು ಯಾರಾದರೂ ಕಂಡಿದ್ದು, ಹತ್ತಿರವಿದ್ದವರು ಎದೆ ಒತ್ತಿದ್ದು, ಬೇಗ ವಿದ್ಯುತ್ ಆಘಾತ ಕೊಟ್ಟದ್ದು, ಈ ಮೂರರಿಂದಲೇ ಹೆಚ್ಚು ಜೀವ ಉಳಿದಿತ್ತು.

ಈ ಫಲಿತಾಂಶವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದರಿಂದ ಅವರು ಎಳೆಯುವ ತೀರ್ಮಾನವನ್ನು ಒಪ್ಪುವುದಿಲ್ಲ. ಒಂಟಾರಿಯೊದಲ್ಲಿ ಉನ್ನತ ತರಬೇತಿ ಬರುವ ಮೊದಲೇ ನೂರರಲ್ಲಿ ತೊಂಬತ್ತು ಕರೆಗಳಿಗೆ ಎಂಟು ನಿಮಿಷದೊಳಗೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ತಲುಪುವ ವ್ಯವಸ್ಥೆ ಇತ್ತು. ತಳಪಾಯ ಕಟ್ಟಿದ ಮನೆಗೆ ಇನ್ನೊಂದು ಮಹಡಿ ಬೇಕೇ ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ನಮ್ಮಲ್ಲಿ ಆ ತಳಪಾಯವೇ ಇಲ್ಲ. ಅದಕ್ಕಿಂತ ದೊಡ್ಡ ತಪ್ಪು ಎಂದರೆ ಹೃದಯಸ್ತಂಭನದ ಲೆಕ್ಕವನ್ನು ಹೃದಯಾಘಾತದ ರೋಗಿಗೆ ಹಚ್ಚುವುದು. ಎದೆ ಹಿಡಿದುಕೊಂಡು, ಬೆವರುತ್ತಾ, ಮಾತಾಡುತ್ತಲೇ ಗಾಡಿ ಹತ್ತುವ ರೋಗಿಯ ಬಗ್ಗೆ ಆ ಅಂಕಿ ಏನನ್ನೂ ಹೇಳುವುದಿಲ್ಲ.

ಆ ರೋಗಿಯ ಬಗ್ಗೆ ಹೇಳುವ ಅಧ್ಯಯನ ಸ್ಕಾಟ್ಲೆಂಡಿನ ಗ್ರಾಂಪಿಯನ್ ಪ್ರದೇಶದ್ದು, 1992ರದು. ನನಗೆ ಬಹಳ ಮುಖ್ಯವಾದದ್ದು. ಅಬರ್ಡೀನಿನ ದೊಡ್ಡ ಆಸ್ಪತ್ರೆಯಿಂದ 26ರಿಂದ 100 ಕಿಲೋಮೀಟರ್ ದೂರದ ಹಳ್ಳಿಗಳಲ್ಲಿ 311 ರೋಗಿಗಳ ಮೇಲೆ ಅದು ನಡೆಯಿತು. ಸಮೀರವಾಡಿಯಿಂದ ಬಾಗಲಕೋಟೆಗೋ ಬೆಳಗಾವಿಗೋ ಹೊರಡುವ ನಮಗೆ ಈ ದೂರ ಹೊಸದಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ ಮನೆಯಲ್ಲೇ ಪಡೆದವರಿಗೆ ಅದು ನೋವು ಶುರುವಾದ 101 ನಿಮಿಷಕ್ಕೆ ಸಿಕ್ಕಿತು, ಆಸ್ಪತ್ರೆಯಲ್ಲಿ ಪಡೆದವರಿಗೆ 240 ನಿಮಿಷಕ್ಕೆ. ಮೂರು ತಿಂಗಳಲ್ಲಿ ತೀರಿಕೊಂಡವರು ಮೊದಲ ಗುಂಪಿನಲ್ಲಿ ಶೇ. 8, ಎರಡನೆಯದರಲ್ಲಿ ಶೇ. 15.5. ಅಲ್ಲಿ ಇಂಜೆಕ್ಷನ್ ಕೊಟ್ಟವರು ಊರಿನ ಡಾಕ್ಟರರು, ಆಂಬುಲೆನ್ಸಿನವರಲ್ಲ ಎಂದು ನನ್ನ ವಿರೋಧಿಗಳು ಹೇಳುತ್ತಾರೆ. ನಿಜ. ಆದರೆ ಇ.ಸಿ.ಜಿ. ತೆಗೆದು ಮೊಬೈಲಿನಲ್ಲಿ ಕಳಿಸಿದರೆ ಓದುವ ತಜ್ಞರು ಈಗ ದೂರದಲ್ಲೇ ಕೂತಿರಬಹುದು. 

ಈ ಇಂಜೆಕ್ಷನ್ನಿನಿಂದ ಆಗಬಹುದಾದ ರಕ್ತಸ್ರಾವದ ಭಯವನ್ನು ಮಾತ್ರ ನಾನು ಹಗುರಾಗಿ ಕಾಣುವುದಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಟ್ಟು ನೋಡಿದ 2013ರ ದೊಡ್ಡ ಪ್ರಯೋಗದಲ್ಲಿ ಮಿದುಳಿನ ರಕ್ತಸ್ರಾವ ಶೇ. 1.0 ಇತ್ತು, ನೇರ ಆಂಜಿಯೋಪ್ಲಾಸ್ಟಿಯಾದವರಲ್ಲಿ ಶೇ. 0.2. 75 ದಾಟಿದವರಿಗೆ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದ ಮೇಲೆ ಈ ಅಂತರ ಬಹಳ ಕಡಿಮೆಯಾಯಿತು. ವಯಸ್ಸು ಕೇಳಿ, ಪಾರ್ಶ್ವವಾಯು ಆಗಿತ್ತೇ ಎಂದು ಕೇಳಿ, ಪ್ರಮಾಣ ಅಳೆಯುವುದೇ ಇಲ್ಲಿ ಬೇಕಾದ ಕೌಶಲ. ಅದನ್ನು ಕಲಿಸಬಹುದು.

ಇನ್ನೊಂದು ಪಕ್ಷದವರು ತಾಲ್ಲೂಕಿಗೊಂದು ದುಬಾರಿ ಗಾಡಿ, ಅದರಲ್ಲೊಬ್ಬ ಡಾಕ್ಟರು ಬೇಕು ಎನ್ನುತ್ತಾರೆ. ಅವರ ಕಾಳಜಿಗೆ ನನ್ನ ಗೌರವವಿದೆ, ಆದರೆ ಲೆಕ್ಕ ಕೂಡುವುದಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಮಹಾಲಿಂಗಪುರದ ರಸ್ತೆ ತುಂಬಿರುವಾಗ, ಆ ಒಂದೇ ಗಾಡಿ ಜಮಖಂಡಿಯ ಆಚೆ ಇದ್ದರೆ ಬನಹಟ್ಟಿಯ ಮಗ್ಗದವನಿಗೆ ಅದರಿಂದ ಏನು ಉಪಯೋಗ? ಹತ್ತಿರದ 108ರಲ್ಲಿ ಇರುವ ಇ.ಎಂ.ಟಿ.ಗೇ ಇ.ಸಿ.ಜಿ. ತೆಗೆಯಲು, ಆಸ್ಪಿರಿನ್ ಕೊಡಲು, ಮುಂದಿನ ಆಸ್ಪತ್ರೆಗೆ ಮೊದಲೇ ಫೋನ್ ಮಾಡಲು ಬರಬೇಕು.

ವ್ಯವಸ್ಥೆ ಜೋಡಿಸಿದರೆ ಫಲ ಸಿಗುತ್ತದೆ ಎಂಬುದಕ್ಕೆ ತಮಿಳುನಾಡು ಸಾಕ್ಷಿ. ಅಲ್ಲಿ ಸಣ್ಣ ಆಸ್ಪತ್ರೆಗಳನ್ನು ದೊಡ್ಡವಕ್ಕೆ ಜೋಡಿಸಿದ ಮೇಲೆ ಒಂದು ವರ್ಷದೊಳಗಿನ ಸಾವು ಶೇ. 17.6ರಿಂದ 14.2ಕ್ಕೆ ಇಳಿದದ್ದು 2017ರಲ್ಲಿ ಪ್ರಕಟವಾಯಿತು. ನಮ್ಮಲ್ಲೂ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಟೆನೆಕ್ಟೆಪ್ಲೇಸನ್ನು ಉಚಿತವಾಗಿ ಕೊಡುತ್ತಿದೆ. ಬಹಳ ಒಳ್ಳೆಯ ಕೆಲಸ. ಆದರೆ ಭಾರತದ 20,937 ರೋಗಿಗಳನ್ನು ಗಮನಿಸಿದ 2008ರ ಅಧ್ಯಯನದಲ್ಲಿ, ನೋವು ಬಂದವರು ಆಸ್ಪತ್ರೆ ಮುಟ್ಟಲು ಹಿಡಿದ ಮಧ್ಯಮ ಅವಧಿ 360 ನಿಮಿಷ, ಒಳಗೆ ಬಂದ ಮೇಲೆ ಇಂಜೆಕ್ಷನ್ನಿಗೆ 50 ನಿಮಿಷ. ಮಾಸ್ತರರ ಮುಂದೆ ಈ ಎರಡು ಅಂಕಿ ಇಟ್ಟಿದ್ದರೆ ಮೊದಲು ಯಾವುದನ್ನು ಇಳಿಸಬೇಕೆಂದು ಅವರು ಕ್ಷಣದಲ್ಲಿ ಹೇಳುತ್ತಿದ್ದರು. ಆ 360ರಲ್ಲಿ ಒಂದು ಪಾಲು ‘ಗ್ಯಾಸ್ ಇರಬೇಕು’ ಎಂದು ಮನೆಯಲ್ಲೇ ಕಳೆದದ್ದು. ಉಳಿದ ಪಾಲಿನಲ್ಲಿ ದಾರಿಯೂ ಇದೆ, ಇ.ಸಿ.ಜಿ. ಇಲ್ಲದೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದದ್ದೂ ಇದೆ. ಈ ಅಲೆದಾಟವನ್ನು ತಪ್ಪಿಸಬಲ್ಲವರು ಆ ಇ.ಎಂ.ಟಿ., ಮತ್ತು ಅವರ ತರಬೇತಿಗೆ ಈ ಹಂಗಾಮು ಶುರುವಾಗುವ ಮೊದಲೇ ದಿನ ಗೊತ್ತುಮಾಡಬೇಕೆಂದು ಜಿಲ್ಲೆಯ ಆರೋಗ್ಯ ಅಧಿಕಾರಿಗಳನ್ನು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ.